ಅಡುಗೆಮನೆಯ ಕಡೆಯಿಂದ ಕಂಡ ಏರ್‌ಗನ್ನುಗಳು

ಮೊನ್ನೆ ಸೋಮವಾರ ಬಟ್ಟೆ ಒಗೆಯುವ ಮೆಷಿನ್ನು ಅರ್ಧಕ್ಕೇ ನಿಂತುಬಿಟ್ಟಿತು. ಒಳಗೆ ಕೈಹಾಕಿ ತಡಕಿದರೆ ಏನೋ ಗಟ್ಟಿಯಾಗಿ ಡ್ರಮ್ಮಿಗೆ ಕಚ್ಚಿಕೊಂಡಿತ್ತು. ಎರಡು ಉಗುರು ಮುರಿದುಕೊಂಡ ಮೇಲೆ ಕಿತ್ತು ಬಂತು, ಬೆಲ್ಲದ ಅಚ್ಚಿನಷ್ಟು ದೊಡ್ಡದೊಂದು ಅಯಸ್ಕಾಂತ. ಬೇರೆ ಹೆಂಗಸರಿಗೆ ಗಂಡನ ಜೇಬಿನಲ್ಲಿ ಏನೇನು ಸಿಗುತ್ತದೋ ನನಗೆ ತಿಳಿಯದು. ಸಿನಿಮಾದಲ್ಲಿ ಪತ್ರ ಸಿಗುತ್ತದೆ, ಲಿಪ್‌ಸ್ಟಿಕ್ಕಿನ ಗುರುತು ಸಿಗುತ್ತದೆ. ನನಗೆ ಈ ಏಳು ವರ್ಷದಲ್ಲಿ ಸಿಕ್ಕಿರುವುದು ಸೀಸದ ಗುಂಡು, ಎಣ್ಣೆ ಹೀರಿದ ಹತ್ತಿ ಮತ್ತು ಈಗ ಈ ಅಯಸ್ಕಾಂತ. ನಮ್ಮ ಯಜಮಾನರಿಗೆ ಏಳು ವರ್ಷದಿಂದ ಹಳೆಯ ಏರ್‌ಗನ್ ಹುಡುಕಿ ಕೊಳ್ಳುವ ಹುಚ್ಚು. ಇನ್ನೊಂದು ಹೆಣ್ಣಿನ ಹುಚ್ಚಾಗಿದ್ದರೆ ನಾಲ್ಕು ಜನ ನನ್ನ ಕಡೆಗೆ ನಿಲ್ಲುತ್ತಿದ್ದರು. ಇದಕ್ಕೆ ನಗುತ್ತಾರೆ.

ಏರ್‌ಗನ್ ಎಂದರೆ ನೀವು ಹೆದರಬೇಕಾಗಿಲ್ಲ. ಮದ್ದು ತುಂಬುವ ಕೋವಿಯಲ್ಲ, ಸೈಕಲ್ ಪಂಪಿನ ದೊಡ್ಡಣ್ಣ ಅಷ್ಟೆ. ನಳಿಗೆಯನ್ನು ಮಧ್ಯಕ್ಕೆ ಬಾಗಿಸಿದರೆ ಒಳಗಿನ ಸ್ಪ್ರಿಂಗು ಅಮುಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಬಿಟ್ಟುಕೊಂಡು ಗಾಳಿಯನ್ನು ದೂಡುತ್ತದೆ, ಗಾಳಿ ಕಡಲೆಕಾಳಿಗಿಂತ ಚಿಕ್ಕದಾದ ಸೀಸದ ಗುಂಡನ್ನು ದೂಡುತ್ತದೆ. ನಮ್ಮ ಕಡೆಯ ಊರುಗಳಲ್ಲಿ ಯಾರದೋ ತಾತ ಯಾವುದೋ ಕಾಲದಲ್ಲಿ ಗಿಣಿ ಓಡಿಸುವುದಕ್ಕೆಂದು ತಂದದ್ದು, ಈಗ ಆ ತಾತನ ಫೋಟೋದ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿರುತ್ತದೆ. ಇಬ್ಬರಿಗೂ ಸಮನಾಗಿ ಧೂಳು ಹಿಡಿದಿರುತ್ತದೆ.

ನಮ್ಮವರು ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷದಿಂದ ನೂಲು ತೆಗೆಯುವವರ ಪರವಾಗಿ ರೇಷ್ಮೆಗೂಡು ನೋಡಿ ಆರಿಸಿಕೊಡುವವರು. ಒಂದು ಹಿಡಿ ಗೂಡು ಎತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲುಗಿಸಿದರೆ ಸಾಕು, ಒಳಗೆ ಹುಳು ಹೇಗಿದೆ, ನೂಲು ಎಷ್ಟು ಬರುತ್ತದೆ ಎಂದು ಹೇಳಿಬಿಡುತ್ತಾರೆ. ಅವರ ಮಾತು ತಪ್ಪಿದ್ದನ್ನು ಕಂಡವರಿಲ್ಲ. ತೊಂದರೆ ಅಲ್ಲೇ ಇರುವುದು. ಒಂದು ವಿಷಯದಲ್ಲಿ ತಪ್ಪದ ಗಂಡಸಿಗೆ ತಾನು ಯಾವ ವಿಷಯದಲ್ಲೂ ತಪ್ಪಲಾರೆನೆಂಬ ಭ್ರಮೆ ಬೇಗ ಬರುತ್ತದೆ. ಮೊದಲ ಸಲ ಯಾರದೋ ಮನೆಯಲ್ಲಿ ಹಳೆಯ ಏರ್‌ಗನ್ ಕಂಡಾಗ ಇವರು ಅದನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರಂತೆ. ಒಳಗೆ ಏನೋ ಗಲಗಲ ಎಂದಿತಂತೆ. ಗೂಡಿನಲ್ಲಾದರೆ ಅದು ಒಳ್ಳೆಯ ಲಕ್ಷಣ. ತಗೊಂಡು ಬಂದರು. ಗನ್ನಿನಲ್ಲಿ ಅದು ಮುರಿದುಬಿದ್ದ ಸ್ಕ್ರೂ.

ಹೀಗೆ ಒಂಟಿಯಾಗಿ ಮೋಸಹೋಗುತ್ತಿದ್ದವರಿಗೆ ಜೊತೆಯಲ್ಲಿ ಮೋಸಹೋಗಲು ಒಬ್ಬರು ಸಿಕ್ಕರು. ಯಳಂದೂರಿನ ರಾಚಪ್ಪ ಮೇಷ್ಟ್ರು, ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ ತಪ್ಪಿದ ಮೇಲೆ ಲೋಕದ ಹಳೆಯ ಗನ್ನುಗಳನ್ನೆಲ್ಲ ಪರೀಕ್ಷೆಗೆ ನಿಲ್ಲಿಸುವುದು ತಮ್ಮ ಹೊಣೆ ಎಂದುಕೊಂಡಿದ್ದರು. ಹೆಗಲಿಗೆ ಒಂದು ಚೀಲ. ಅದರಿಂದ ಮೊದಲು ಅಯಸ್ಕಾಂತ ಬರುತ್ತಿತ್ತು. ನಳಿಗೆಗೆ ತಾಗಿಸಿ, ಅಂಟಿದಾಗ ತಲೆಯಾಡಿಸುತ್ತಿದ್ದರು. ಗನ್ನು ಕಬ್ಬಿಣದ್ದೇ ಎಂದು ಖಚಿತವಾಗುತ್ತಿತ್ತು, ಅದರಲ್ಲಿ ಯಾರಿಗೂ ಅನುಮಾನವಿರದಿದ್ದರೂ. ಆಮೇಲೆ ಟಾರ್ಚು ಹಿಡಿದು ನಳಿಗೆಯೊಳಗೆ ಇಣುಕುವುದು. ಆಮೇಲೆ ಬಾಗುವ ಸಂದಿನ ಮೇಲೆ ತೆಳು ಕಾಗದ ಇಟ್ಟು ಒಂದು ಗುಂಡು ಹೊಡೆಯುವುದು, ಕಾಗದ ಹಾರಿದರೆ ಗಾಳಿ ಸೋರುತ್ತಿದೆ ಎಂದರ್ಥ. ಇದೊಂದು ಮಾತ್ರ ನಿಜವಾದ ಪರೀಕ್ಷೆ, ಆದ್ದರಿಂದ ಅದನ್ನು ಅವರು ಅವಸರದಲ್ಲಿ ಮುಗಿಸುತ್ತಿದ್ದರು. ಕೊನೆಗೆ ಕಣ್ಣುಮುಚ್ಚಿ ಮರದ ಹಿಡಿಯನ್ನು ಕರುವಿನ ಬೆನ್ನು ಸವರಿದಂತೆ ಸವರಿ ಒಂದೇ ಮಾತು ಹೇಳುತ್ತಿದ್ದರು, ‘ಜರ್ಮನ್.’ ಎಷ್ಟು ಗನ್ನು ನೋಡಿದರೂ ಅವರಿಗೆ ಬೇರೆ ದೇಶದ್ದು ಕಣ್ಣಿಗೆ ಬಿದ್ದದ್ದೇ ಇಲ್ಲ.

ನಾನು ಇದರೊಳಗೆ ಹೇಗೆ ಬಂದೆ ಎಂದು ಕೇಳುತ್ತೀರಿ. ಅದೂ ಮೇಷ್ಟ್ರ ತಲೆಗೆ ಹೊಳೆದ ಉಪಾಯವೇ. ‘ನಾವಿಬ್ಬರೇ ಕಾರಿಂದ ಇಳಿದರೆ ಫಾರೆಸ್ಟಿನವರು ಅಂತ ಮನೆಯವರು ಹಿತ್ತಲಿಂದ ಓಡಿಹೋಗ್ತಾರೆ. ನಿಮ್ಮ ಯಜಮಾನ್ತಿಯವರು ಜೊತೆಗಿದ್ದರೆ ಹೆಣ್ಣು ನೋಡೋಕೆ ಬಂದವರು ಅಂತ ಕಾಫಿ ಕೊಡ್ತಾರೆ,’ ಎಂದರು. ಹೀಗೆ ಭಾನುವಾರಗಳಲ್ಲಿ ಮೇಷ್ಟ್ರ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮರ್ಯಾದೆಯ ಗುರುತಾಗಿ ಕೂರಿಸಿಕೊಂಡು ಹೊರಡುವುದು ರೂಢಿಯಾಯಿತು. ಮನೆ ತಲುಪಿದ ಕೂಡಲೇ ಗಂಡಸರು ಜಗಲಿಯಲ್ಲಿ ಕೂರುತ್ತಿದ್ದರು. ನನ್ನನ್ನು ಒಳಕ್ಕೆ ಕಳಿಸುತ್ತಿದ್ದರು.

ಒಳಗೆ ಏನಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಒಳಗೆ ಆ ಗನ್ನಿನ ಪೂರಾ ಜಾತಕ ಇರುತ್ತಿತ್ತು.

ಯಳಂದೂರಿನ ಒಂದು ಮನೆಯಲ್ಲಿ ಇದು ನನಗೆ ಮೊದಲು ತಿಳಿಯಿತು. ಹೊರಗಡೆ ಗನ್ನು ‘ಡಬ್’ ಎಂದು ಸಿಡಿದು ನೀಲಿ ಹೊಗೆ ಎದ್ದಿತು. ಮೇಷ್ಟ್ರು ‘ಏನು ಪವರ್ರು, ಜರ್ಮನ್’ ಎನ್ನುತ್ತಿದ್ದರು. ಒಳಗೆ ಮನೆಯಾಕೆ ಅಕ್ಕಿ ಕೇರುತ್ತಾ ಮುಖ ಸಿಂಡರಿಸಿದಳು. ‘ಬೆಳಗಿಂದ ನೋಡಿ ಕಣಕ್ಕ, ಆ ಗನ್ನಿಗೇ ಕೊಬ್ರಿಯೆಣ್ಣೆ ಉಯ್ತಾವ್ರೆ. ನನ್ ತಲೆಗೆ ಅಂದ್ರೆ ಒಂದ್ ತೊಟ್ಟಿಲ್ಲ. ಎಣ್ಣೆ ಬುಟ್ರೆ ಡಬ್ ಅಂತದಂತೆ, ಇಲ್ದಿದ್ರೆ ಕೆಮ್ತದಂತೆ.’ ನಾನು ಅದನ್ನು ಹೆಂಗಸರ ಸಂಕಟವೆಂದು ಕೇಳಿಕೊಂಡು ಸುಮ್ಮನಿದ್ದೆ. ಗನ್ನು ಮನೆಗೆ ಬಂತು. ಮೂರು ಸಲ ಡಬ್ ಎಂದಿತು. ನಾಲ್ಕನೆಯ ಸಲದಿಂದ ಇಂದಿನವರೆಗೂ ಕೆಮ್ಮುತ್ತಿದೆ. ಆಕೆ ಹೇಳಿದ್ದನ್ನು ಆಗ ಹೇಳಿದೆ. ನಮ್ಮವರು ಬಹಳ ಹೊತ್ತು ನನ್ನನ್ನು ಗೂಡು ನೋಡುವ ಹಾಗೆ ನೋಡಿದರು.

ಅಲ್ಲಿಂದ ನಮ್ಮಿಬ್ಬರ ನಡುವೆ ಒಂದು ಗುಟ್ಟಿನ ಒಪ್ಪಂದವಾಯಿತು. ಮೇಷ್ಟ್ರಿಗೆ ಹೇಳುವಂತಿಲ್ಲ, ಗುರುವಿನ ಮರ್ಯಾದೆಯ ಪ್ರಶ್ನೆ. ಅಡುಗೆಮನೆಯಲ್ಲಿ ವಿಚಾರಿಸಿಕೊಂಡು ನಾನು ಹೊರಗೆ ಬರಬೇಕು. ಗನ್ನು ಕೆಟ್ಟದ್ದಾಗಿದ್ದರೆ ‘ಮಳೆ ಬರೋ ಹಾಗಿದೆ’ ಅನ್ನಬೇಕು. ಒಳ್ಳೆಯದಾಗಿದ್ದರೆ ‘ಮಜ್ಜಿಗೆ ಚೆನ್ನಾಗಿದೆ, ಕುಡೀರಿ’ ಅನ್ನಬೇಕು.

ಹೊನ್ನೂರಿನಲ್ಲಿ ಇದು ಮೊದಲ ಸಲ ಕೆಲಸಕ್ಕೆ ಬಂತು. ಮೇಷ್ಟ್ರು ನಳಿಗೆಯನ್ನು ಒಂದೇ ಬೆರಳಲ್ಲಿ ಬಾಗಿಸಿ ತೋರಿಸಿ, ‘ಎಷ್ಟು ನಯ ನೋಡಿ, ಬೆಣ್ಣೆ, ಬೆಣ್ಣೆ,’ ಎನ್ನುತ್ತಿದ್ದರು. ಒಳಗಿದ್ದ ಮುದುಕಿ ಕಿಟಕಿಯಿಂದ ಅಂಗಳದ ಗೇಟು ತೋರಿಸಿದಳು. ‘ಆ ಗೇಟ್ ನೋಡವ್ವ, ಎಂಗ್ ತಾನೇ ಮುಚ್ಕತದೆ. ದನ ನುಗ್ತಿದ್ವು ಅಂತ ನನ್ ಮಗ ಗನ್ನೊಳಗ್ಲ ಸ್ಪ್ರಿಂಗ್ ಕಿತ್ತು ಅದ್ಕಾಕವ್ನೆ. ಗನ್ನ ಸುಮ್ನೆ ನೇತಾಕಿವಿ, ಚೆಂದಾಗ್ ಕಾಣ್ತದೆ ಅಂತ.’ ನಾನು ಹೊರಗೆ ಬಂದು ಮಳೆ ಬರುವ ಹಾಗಿದೆ ಎಂದೆ. ಸುಡುಬಿಸಿಲು. ಮನೆಯ ಯಜಮಾನ ಆಕಾಶ ನೋಡಿದ, ಮೇಷ್ಟ್ರು ಆಕಾಶ ನೋಡಿದರು, ನಮ್ಮವರು ಮಾತ್ರ ಚಪ್ಪಲಿ ಹುಡುಕಿದರು. ಕೈಗೆ ಬಂದ ಜರ್ಮನ್ ತಪ್ಪಿತೆಂದು ಮೇಷ್ಟ್ರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಅದೂ ಒಂದು ಲಾಭವೇ.

ಹೀಗೆ ಒಂದು ವರ್ಷ ನಡೆಯಿತು. ಎಂಟು ಹತ್ತು ಮನೆಗಳಲ್ಲಿ ಮಳೆ ಬರಿಸಿದೆ, ಎರಡು ಮನೆಗಳಲ್ಲಿ ಮಜ್ಜಿಗೆ ಕುಡಿಸಿದೆ. ಒಂದೂ ತಪ್ಪಲಿಲ್ಲ. ನನಗೂ ಸ್ವಲ್ಪ ಸೊಕ್ಕು ಬಂದಿತ್ತು ಅನ್ನಿ. ಗಂಡಸರನ್ನು ಆಡಿಕೊಂಡು ನಗುತ್ತಾ ನಾನೂ ಅವರ ಹಾಗೇ ಆಗಿದ್ದೆ. ಆ ಅಡುಗೆಮನೆಗಳಲ್ಲಿ ನಾನು ಕೇಳುತ್ತಿದ್ದುದೆಲ್ಲ ಗನ್ನಿನ ಯೋಗಕ್ಷೇಮ. ತಲೆಗೆ ಎಣ್ಣೆಯಿಲ್ಲ ಎಂದವಳ ಹೆಸರು ಕೂಡ ಕೇಳಿರಲಿಲ್ಲ.

ಆಮೇಲೆ ಶಾಗ್ಯ ಎಂಬ ಹಳ್ಳಿಯ ಒಂದು ಮನೆಗೆ ಹೋದೆವು.

ಆ ಮನೆಯವನು ನಾಗಮಲ್ಲು. ಐವತ್ತರ ಆಸುಪಾಸು, ನಗುಮುಖ, ಬಾಯಿ ತುಂಬ ಮಾತು. ‘ಕುಂತ್ಕಳಿ ಸಾ, ಎಳನೀರ್ ಕೆತ್ತುಸ್ತೀನಿ. ಅಕ್ಕಾವ್ರೇ, ನೀವ್ ಒಳೀಕ್ ಓಗಿ, ನಮ್ಮವ್ಳು ಅವ್ಳೆ,’ ಎಂದು ಉಪಚಾರ ಮಾಡಿದ. ಅಂಥ ಒಳ್ಳೆಯ ಆತಿಥ್ಯ ಬೇರೆಲ್ಲೂ ಆಗಿರಲಿಲ್ಲ. ಒಳಗೆ ಅವನ ಹೆಂಡತಿ ಚಿಕ್ಕತಾಯಮ್ಮ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ನಾಲ್ಕು ಕಾಳು ಹಿಸುಕಿ, ಅಭ್ಯಾಸದಂತೆ, ಗನ್ನು ಹೇಗಿದೆ ಎಂದೆ.

ಅವಳು ತಲೆಯೆತ್ತದೆ ಪಾಠ ಒಪ್ಪಿಸಿದ ಹಾಗೆ ಹೇಳಿದಳು. ‘ಮುಂದ್ಲ ಕೊಳವೆ ಒಂದ್ ಗನ್ನಿಂದು, ಇಂದ್ಲ ಮರ ಇನ್ನೊಂದ್ರುದು. ಮರ ಸೀಳೋಗದೆ, ತಂತಿ ಸುತ್ತವ್ರೆ. ಸ್ಪ್ರಿಂಗು ಎಲ್ಡ್ ತುಂಡು. ವಾಸರ್ಗೆ ನನ್ ಅಳೇ ಮೆಟ್ನ ತೊಗ್ಲು ಕುಯ್ದು ಆಕವ್ರೆ.’

‘ಹಾಗಾದ್ರೆ ಕೆಲಸಕ್ಕೆ ಬರಲ್ಲ ಅನ್ನು.’

‘ದೂರಕ್ ಬರದಿಲ್ಲ. ಅತ್ರಕ್ ಒಡೀತದೆ.’

ಕೈಯನ್ನು ಸೆರಗಿಗೆ ಒರೆಸಿಕೊಂಡು ಎಡತೋಳನ್ನು ನನ್ನ ಮುಂದೆ ಚಾಚಿದಳು. ‘ಇಲ್ಲಿ ಮುಟ್ಟಿ ನೋಡಿ,’ ಎಂದಳು. ಮೊಣಕೈಯ ಕೆಳಗೆ, ಚರ್ಮದಡಿಯಲ್ಲಿ, ಒಂದು ಗಟ್ಟಿ ಕಾಳು ನನ್ನ ಬೆರಳಿಗೆ ಸಿಕ್ಕಿ ಜಾರಿತು.

‘ಜನ ಬಂದಾಗ ನಮ್ಮೆಜಮಾನ್ರು ನನ್ ಕಾಲತ್ರ ಒಡೀತಿದ್ರು ಕಣಕ್ಕ. ನಾನ್ ಎಗ್ರುದ್ರೆ ಎಲ್ರೂ ನಗೋರು. ಒಂದ್ ದಪ ಗುರಿ ತಪ್ತು.’

‘ಡಾಕ್ಟರಿಗೆ ತೋರಿಸಲಿಲ್ವಾ?’

‘ತೋರ್ಸುದ್ರೆ ಎಂಗಾಯ್ತು ಅಂತ ಕೇಳ್ತರಲ್ಲ.’

ಹೊರಗೆ ಮೇಷ್ಟ್ರ ದನಿ ಏರುತ್ತಿತ್ತು. ಆಶ್ಚರ್ಯವೆಂದರೆ ಅವರು ಜರ್ಮನ್ ಎನ್ನುತ್ತಿರಲಿಲ್ಲ. ತೆಳು ಕಾಗದ ಹಾರಿ ಎಳನೀರಿನ ಲೋಟದಲ್ಲಿ ಬಿದ್ದಿತ್ತು. ‘ಇದು ಎರಡು ಮೂರು ಗನ್ನು ಸೇರಿಸಿ ಮಾಡಿದ ಒಂದು ಗನ್ನು ಕಣಪ್ಪಾ,’ ಎನ್ನುತ್ತಿದ್ದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಮಾತು ಸರಿಯಾಗಿತ್ತು. ಚಿಕ್ಕತಾಯಮ್ಮ ಅದನ್ನು ಕೇಳಿಸಿಕೊಂಡು ನನ್ನ ಕೈ ಹಿಡಿದಳು.

‘ಮದ್ಲೂ ಇಬ್ರು ಬಂದಿದ್ರು. ಡಬ್ಬ ಗನ್ನು ಅಂದ್ಬುಟ್ ಓದ್ರು. ಅವ್ರು ಓದ್ ಮೇಲೆ, ಡಬ್ಬವಾ ನೋಡನ ಅಂತ ನನ್ನ ಇತ್ಲಲ್ಲಿ ನಿಲ್ಸುದ್ರು. ಚೆನ್ನಾಗದೆ ಅನ್ನಿ ಅಕ್ಕ. ತಕ್ಕಂಡೋಗ್ಬುಡಿ.’

ನಾನು ಎದ್ದು ಹೊರಗೆ ಬಂದೆ. ಮೇಷ್ಟ್ರು ಚೀಲಕ್ಕೆ ಸಾಮಾನು ತುಂಬುತ್ತಿದ್ದರು. ನಾಗಮಲ್ಲುವಿನ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣು ಮಾತ್ರ ಅಡುಗೆಮನೆಯ ಬಾಗಿಲ ಕಡೆಗಿತ್ತು. ನಮ್ಮವರು ನನ್ನ ಮುಖ ನೋಡಿದರು.

‘ಮಜ್ಜಿಗೆ ತುಂಬಾ ಚೆನ್ನಾಗಿದೆ,’ ಎಂದೆ. ‘ನೀವೂ ಕುಡೀರಿ.’

ಕುಡಿಯಲು ಅಲ್ಲಿ ಮಜ್ಜಿಗೆ ಇರಲೇ ಇಲ್ಲ. ನಮ್ಮವರು ಒಂದು ಗಳಿಗೆ ಅನುಮಾನಿಸಿದರು, ಕೇಳಿದಷ್ಟು ಕೊಟ್ಟು ಗನ್ನು ಎತ್ತಿಕೊಂಡರು. ಕಾರಿನಲ್ಲಿ ಮೇಷ್ಟ್ರು ಒಂದೇ ಸಮನೆ ಕೂಗಾಡಿದರು. ‘ನನ್ನ ಮಾತಿಗಿಂತ ಮಜ್ಜಿಗೆ ಹೆಚ್ಚಾಯ್ತಲ್ಲ ನಿಮಗೆ,’ ಎಂದರು. ಇಲ್ಲದ ಮಜ್ಜಿಗೆಯ ಮಾತು ಕೇಳಿ ಅವರಿಗೆ ಗುಟ್ಟು ಹೊಳೆದುಬಿಟ್ಟಿತ್ತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮನ್ನು ಗನ್ನಿನ ಸಮೇತ ಇಳಿಸಿ ಹೋದರು. ಹೆಂಡತಿಯ ಮಾತು ಕೇಳಿ ಗುಜರಿ ಕೊಂಡ ಕಥೆ ಮೂರು ದಿನದಲ್ಲಿ ಗೂಡಿನ ಮಾರ್ಕೆಟ್ಟು ಮುಟ್ಟಿತು. ‘ಏನ್ಸಾ, ಗೂಡೂ ಅಕ್ಕಾವ್ರೇ ನೋಡ್ಬೇಕಾ ಇನ್ಮೇಲೆ?’ ಎಂದು ರೈತರು ಕೇಳುತ್ತಿದ್ದರಂತೆ. ನಗುವ ಮಾತೇ. ಆದರೆ ನಮ್ಮವರ ಅನ್ನ ಇರುವುದು ಅವರ ಕಣ್ಣಿನ ಮೇಲಿನ ನಂಬಿಕೆಯಲ್ಲಿ. ಒಬ್ಬಿಬ್ಬರು ಹಳೆಯ ಗಿರಾಕಿಗಳು ಬೇರೆಯವರನ್ನು ಕರೆದುಕೊಂಡು ಗೂಡು ನೋಡಿಸಿದರು ಎಂದು ತಿಳಿದ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಯಾಕೆ ಎಂದರೆ, ನಿಜವಾಗಿ ಹೇಳುತ್ತೇನೆ, ಮೊದಲು ಹೆದರಿಕೆ, ಆಮೇಲೆ ಅಭ್ಯಾಸ. ನಮ್ಮವರು ಗನ್ನು ಬಿಚ್ಚಿ ಹರಡಿಕೊಂಡು ಎರಡು ತುಂಡು ಸ್ಪ್ರಿಂಗನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದರು. ಕೊನೆಗೊಂದು ದಿನ, ‘ಆ ಶಾಗ್ಯದ ಹೆಂಗಸು ಮಹಾ ಕಳ್ಳಿ. ಗಂಡ ಹೇಳಿಕೊಟ್ಟದ್ದನ್ನ ನಿನಗೆ ಒಪ್ಪಿಸಿದ್ದಾಳೆ,’ ಎಂದರು. ಅದನ್ನು ಮಾತ್ರ ನನಗೆ ನುಂಗಲಾಗಲಿಲ್ಲ. ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

‘ಯಾವ ಕೈ?’

‘ಎಡಗೈ.’

ಅಂಗೈಯಲ್ಲಿದ್ದ ಸ್ಪ್ರಿಂಗಿನ ತುಂಡುಗಳನ್ನು ಕೆಳಗಿಟ್ಟು, ‘ಅಲ್ಲೇ ಹೇಳಿದ್ರೆ ನಾನು ತಗೋತಿರಲಿಲ್ಲ ಅಂದ್ಕೊಂಡ್ಯಾ?’ ಎಂದರು.

‘ಹೌದು, ಹಾಗೇ ಅಂದ್ಕೊಂಡೆ,’ ಎಂದೆ. ಅವರು ಇಲ್ಲ ಎನ್ನಲಿಲ್ಲ. ಬಿಚ್ಚಿದ ಗನ್ನನ್ನು ಗೋಣಿಚೀಲಕ್ಕೆ ತುಂಬಿ ಗುಜರಿಗೆ ಹಾಕಿ ಬಂದರು.

ಇಲ್ಲಿಗೆ ಮುಗಿದಿದ್ದರೆ ನಾನು ನನ್ನ ಬೆನ್ನು ನಾನೇ ತಟ್ಟಿಕೊಳ್ಳಬಹುದಿತ್ತು. ಎರಡು ತಿಂಗಳ ಮೇಲೆ ನಾಗಮಲ್ಲು ನಮ್ಮ ಮನೆಯ ಬಾಗಿಲಿಗೇ ಬಂದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ‘ಗೋಡೆ ಬೋಳ್ಬೋಳಾಗದೆ ಸಾ. ನಿಮ್ಗೆಲ್ಲಾ ಗೊತ್ತಲ್ಲ, ಒಂದ್ ಒಳ್ಳೇದ್ ನೋಡ್ಕೊಡಿ,’ ಎಂದ. ನಾನು ಒಳಗಿನಿಂದ ಕೇಳಿ ನಿಂತಲ್ಲೇ ನಿಂತೆ. ಒಂದು ಗನ್ನು ಮನೆಯಿಂದ ಆಚೆ ಹೋದರೆ ಇನ್ನೊಂದಕ್ಕೆ ಮೊಳೆ ಖಾಲಿ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ನಮ್ಮವರು ನಿಧಾನವಾಗಿ ಹೇಳಿದರು. ‘ನಿನಗೆ ಗನ್ನು ಬೇಡಪ್ಪ. ನಿನ್ನ ಹೆಂಡತಿ ಎಡಗೈಯಲ್ಲಿ ಒಂದು ಗುಂಡು ಇದೆಯಂತಲ್ಲ.’

ಇಂಥ ಮಾತನ್ನು ಸತ್ಯವಂತ ಗಂಡಸರು ಮಾತ್ರ ಆಡಬಲ್ಲರು. ಆಡಿದ ಮೇಲೆ ಅವರಿಗೆ ಮನಸ್ಸು ಹಗುರವಾಗುತ್ತದೆ. ಅದರ ಭಾರ ಯಾರ ಮನೆಗೆ ಹೋಗಿ ಬೀಳುತ್ತದೆಂದು ಅವರು ಯೋಚಿಸುವುದಿಲ್ಲ. ನಾಗಮಲ್ಲು ‘ಅದು ತಮಾಸೆಗೆ ಸಾ’ ಎಂದು ನಕ್ಕ. ಆಮೇಲೆ ನಗು ನಿಂತಿತು. ಬಾಳೆಹಣ್ಣು ಅಲ್ಲೇ ಬಿಟ್ಟು ಎದ್ದು ಹೋದ. ನಾನು ನಮ್ಮವರ ಮೇಲೆ ಅವತ್ತು ಕೂಗಾಡಿದಷ್ಟು ಎಂದೂ ಕೂಗಾಡಿಲ್ಲ. ‘ಈಗ ಅವಳ ಗತಿ ಏನ್ರೀ?’ ಎಂದರೆ, ‘ಇದ್ದದ್ದು ಹೇಳಿದೆ,’ ಎನ್ನುತ್ತಾರೆ. ಬೆಳಗಾಗುತ್ತಲೇ ಮೊದಲ ಬಸ್ಸು ಹಿಡಿದು ಶಾಗ್ಯಕ್ಕೆ ಹೋದೆ.

ಚಿಕ್ಕತಾಯಮ್ಮ ಅಂಗಳ ಗುಡಿಸುತ್ತಿದ್ದಳು. ಮೈಮೇಲೆ ಹೊಸ ಗಾಯವೇನೂ ಕಾಣಲಿಲ್ಲ. ನನ್ನನ್ನು ಕಂಡು ಪೊರಕೆ ಕೆಳಗಿಟ್ಟಳು, ನಗಲಿಲ್ಲ.

‘ಏನೇಳ್ದೆ ಅವ್ರ್ಗೆ ಅಂತ ಕೇಳುದ್ರು. ಇದ್ದದ್ನೇ ಏಳ್ದೆ ಅಂದೆ.’

‘ಆಮೇಲೆ?’

‘ಸುಮ್ನೆ ಕುಂತ್ಕಂಡ್ರು. ಕೊಳ್ಳೇಗಾಲ್ದೋರ್ಗೆಲ್ಲ ಗೊತ್ತಾಗೋಯ್ತಲ್ಲ ಅಂತ ನಾಚ್ಕೆ. ನಂಗೆ ಒಡ್ದಾಗ ಬರ್ನಿಲ್ಲ ಆ ನಾಚ್ಕೆ.’ ಆಮೇಲೆ ನನ್ನ ಮುಖ ನೇರವಾಗಿ ನೋಡಿ ಹೇಳಿದಳು, ‘ನೀವು ಏಳಕ್ ಮುಂಚೆ ನನ್ನ ಒಂದ್ ಮಾತ್ ಕೇಳ್ಬೇಕಿತ್ತು ಅಕ್ಕ. ಸುಮ್ನಿದ್ರು, ಸರೋಯ್ತು. ಸುಮ್ನಿರ್ದಿದ್ರೆ?’

ನಾನು ನೆಲದ ಮೇಲಿದ್ದ ಪೊರಕೆ ಎತ್ತಿ ಗೋಡೆಗೆ ಒರಗಿಸಿದೆ. ಅವಳೇ ಮಾತು ಬದಲಿಸಿದಳು. ‘ಈಗೆಂಗೂ ಗೊತ್ತಾಗದಲ್ಲ. ಆಸ್ಪತ್ರೆಗೆ ಬತ್ತೀನಿ ನಡೀರಿ.’

ಅವತ್ತೇ ಕೊಳ್ಳೇಗಾಲಕ್ಕೆ ಬಂದೆವು. ಕೈ ಮರಗಟ್ಟಿಸಿ ಸಣ್ಣದಾಗಿ ಕುಯ್ದು ಡಾಕ್ಟರು ಆ ಗುಂಡನ್ನು ತೆಗೆದು ಸ್ಟೀಲಿನ ಬಟ್ಟಲಿಗೆ ಹಾಕಿದರು. ‘ಹೇಗಾಯ್ತಮ್ಮ ಇದು?’ ಎಂದರು. ನಾನು ಕಿಟಕಿಯ ಕ‌ಡೆ ನೋಡಿದೆ. ಅವಳು ನೋಡಲಿಲ್ಲ. ‘ನಮ್ಮೆಜಮಾನ್ರು ಗುರಿ ಕಲೀತಿದ್ರು ಸಾ. ಅಂಗೇ ಬರ್ಕಳಿ. ಬೇಕಾದಾಗ ಬಂದು ಆ ಕಾಗ್ದ ಕೇಳ್ತೀನಿ,’ ಎಂದಳು. ಗುಂಡನ್ನು ತೊಳೆದು ಕೊಡುವಂತೆ ಹೇಳಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಅದೆಲ್ಲ ಯಾಕೆ ಎಂದು ಕೇಳಿದೆ. ‘ದೇವ್ರ ಗೂಡಲ್ಲಿ ಮಡಗ್ತೀನಿ. ದಿನಾ ಕೈ ಮುಗ್ಯಕೆ ಬತ್ತರಲ್ಲ, ನೋಡ್ಲಿ,’ ಎಂದಳು.

ನಾಗಮಲ್ಲು ಒಳ್ಳೆಯವನಾದ ಎಂದು ಬರೆಯುವಷ್ಟು ಧೈರ್ಯ ನನಗಿಲ್ಲ. ಆ ಮನೆಗೆ ಇನ್ನೊಂದು ಗನ್ನು ಬರಲಿಲ್ಲ, ಅಷ್ಟು ಗೊತ್ತು. ಚಿಕ್ಕತಾಯಮ್ಮ ಕೊಳ್ಳೇಗಾಲಕ್ಕೆ ಬಂದರೆ ನಮ್ಮ ಮನೆಯಲ್ಲಿ ಊಟ ಮಾಡಿ ಹೋಗುತ್ತಾಳೆ. ನಮ್ಮವರು ಆಗ ಬಡಿಸುತ್ತಾರೆ, ಬಡಿಸುವುದು ಬರುವುದಿಲ್ಲ, ಸಾರು ಚೆಲ್ಲುತ್ತಾರೆ. ಮೇಷ್ಟ್ರು ಒಂದು ವರ್ಷ ಮುನಿಸಿಕೊಂಡಿದ್ದು, ಜರ್ಮನ್ ಎಂದರೆ ತಲೆಯಾಡಿಸುವವರು ಬೇರೆ ಯಾರೂ ಸಿಗದೆ ವಾಪಸು ಬಂದರು. ಗೂಡಿನ ಗಿರಾಕಿಗಳೂ ಬಂದರು. ಹುಚ್ಚು ಮಾತ್ರ ಬಿಟ್ಟಿಲ್ಲ.

ಹೋದ ಭಾನುವಾರ ಹನೂರಿಗೆ ಹೋಗಿದ್ದೆವು. ಮನೆಯವನು ಗೋಡೆಯಿಂದ ಗನ್ನು ಇಳಿಸಿ ಎರಡೂ ಕೈಯಲ್ಲಿ ಚಾಚಿದ. ಅದು ಒಳ್ಳೆಯ ಗನ್ನೆಂದು ನನಗೇ ಕಾಣುತ್ತಿತ್ತು. ಮರ ಎಲ್ಲೂ ಸೀಳಿರಲಿಲ್ಲ, ನಳಿಗೆಯ ನೀಲಿ ಬಣ್ಣ ಮಾಸಿರಲಿಲ್ಲ. ಮೇಷ್ಟ್ರ ಕೈ ಆಗಲೇ ಚೀಲದೊಳಗಿತ್ತು. ನಾನು ಒಳಗೆ ಹೋಗಲಿಲ್ಲ, ಅಲ್ಲೇ ಚಾಪೆಯ ಮೇಲೆ ಕೂತೆ. ನಮ್ಮವರು ಗನ್ನನ್ನು ಮುಟ್ಟದೆ ಕೇಳಿದರು.

‘ಮನೆ ಅಮ್ಮನವರನ್ನ ಕೇಳಿದ್ದೀರಾ?’

‘ಗನ್ ವಿಚಾರ ಅವ್ಳ್ನೇನ್ ಕೇಳದು ಸಾ,’ ಎಂದು ಅವನು ನಕ್ಕ.

‘ಕೇಳಿ. ನಾವು ಕಾಯ್ತೀವಿ.’

ಮೇಷ್ಟ್ರು ಗಡಿಯಾರ ನೋಡಿದರು. ಒಳಗೆ ಏನೋ ಕುಟ್ಟುತ್ತಿದ್ದ ಸದ್ದು ನಿಂತಿತು. ನಲವತ್ತೈದು ಐವತ್ತರ ಒಬ್ಬ ಹೆಂಗಸು ಕೈಗೆ ಅಂಟಿದ ಖಾರದ ಪುಡಿ ಒರೆಸಿಕೊಳ್ಳುತ್ತಾ ಬಂದು, ಗಂಡನ ಕಡೆ ನೋಡದೆ, ಹೊಸ್ತಿಲ ಮೇಲೆ ಕೂತಳು.

‘ಅದ್ರ ವಿಚಾರ ನಾನೇಳ್ತೀನಿ ಸಾ,’ ಎಂದಳು. ‘ಮದ್ಲು ಅದ್ನ ಕೆಳಕ್ ಮಡಗಕ್ ಏಳಿ ಅವ್ರ್ಗೆ.’

ಅವನು ನಮ್ಮಿಬ್ಬರ ಮುಖ ನೋಡಿದ, ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಬರಿಗೈಯನ್ನು ಚೀಲದಿಂದ ಹೊರಗೆಳೆದರು. ಅವನು ನಿಧಾನವಾಗಿ ಬಗ್ಗಿ ಗನ್ನನ್ನು ನೆಲದ ಮೇಲಿಟ್ಟ.